ಸುರಕ್ಷಿತ ಅಂತರ

"ಮನೇಲಿ ಬಸುರಿಯರು ಯಾರಾದ್ರೂ ಇದಾರಾ?" ಔಷಧದ ಅಂಗಡಿಯವನು ಡಬ್ಬಿಯನ್ನು ಗಾಜಿನ ಮೇಲಿಟ್ಟು ಕೈ ಹಿಂದೆಗೆದುಕೊಂಡ.

"ಮಗಳು. ಎಂಟು ತಿಂಗಳು."

"ಹಾಗಾದ್ರೆ ಅವರು ಇದನ್ನ ಮುಟ್ಟಬಾರದು. ಬೇರೆ ಯಾರಾದ್ರೂ ಎತ್ತಿಕೊಡೋದಾದ್ರೆ ಗ್ಲೌಸ್ ಹಾಕ್ಕೋಬೇಕು. ಕ್ಯಾಪ್ಸೂಲು ಒಡೆಯೋ ಹಾಗಿಲ್ಲ."

"ನಾನು?"

"ನೀವು ನುಂಗಬೇಕು."

ಅಂಗಡಿಯವನು ನಗಲಿಲ್ಲ. ನಕ್ಕಿದ್ದರೆ ಕೋಪಿಸಿಕೊಳ್ಳಲು ಒಂದು ನೆಪವಾದರೂ ಸಿಗುತ್ತಿತ್ತು. ಸೇಫ್ಟಿ ಆಫೀಸರು ಡಬ್ಬಿಯನ್ನು ಜೇಬಿಗಿಳಿಸಿ ರಸ್ತೆಗೆ ಬಂದ. ಯಾವ ವಸ್ತುವನ್ನು ಯಾರು, ಎಷ್ಟು ಹೊತ್ತು, ಎಷ್ಟು ಹತ್ತಿರದಿಂದ ಬಳಸಬಹುದೆಂದು ಇತರರಿಗೆ ಬೋಧಿಸುವುದೇ ಬಣ್ಣದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷಗಳಿಂದ ಅವನ ಉದ್ಯೋಗವಾಗಿತ್ತು. ಅಂಥದೊಂದು ವಸ್ತು ತನ್ನ ಎದೆಯ ಜೇಬಿನಲ್ಲಿ ಕುಳಿತಿದೆಯೆಂಬುದು ಅವನನ್ನು ನೆಟ್ಟಗೆ ನಡೆಯಗೊಡಲಿಲ್ಲ.

ಬೆಳಿಗ್ಗೆ ರಕ್ತದ ಡಾಕ್ಟರಮ್ಮ ಸಾವಧಾನವಾಗಿಯೇ ವಿವರಿಸಿದ್ದರು. ಮೂಳೆಯೊಳಗಿನ ಮಜ್ಜೆ ಅಗತ್ಯ ಮೀರಿ ರಕ್ತಕಣಗಳನ್ನು ತಯಾರಿಸುತ್ತಿದೆ. ರಕ್ತ ಮಂದವಾಗಿದೆ, ಮಿದುಳಿನಲ್ಲೋ ಹೃದಯದಲ್ಲೋ ಹೆಪ್ಪುಗಟ್ಟಬಹುದು. ಈ ಮಾತ್ರೆ ಮಜ್ಜೆಯ ಕೈ ಕಟ್ಟುತ್ತದೆ. ಅತಿಯಾಗಿ ಕಟ್ಟಿದರೆ ಬಿಳಿಯ ಕಣಗಳೂ ಇಳಿಯುತ್ತವೆ. ಆದ್ದರಿಂದ ಆಗಾಗ ರಕ್ತಪರೀಕ್ಷೆ, ಜ್ವರ ಬಂದರೆ ಕೂಡಲೇ ಫೋನು. ಬಾಯಿಹುಣ್ಣಾಗಲಿ ಚರ್ಮದ ಮೇಲಿನ ಹೊಸ ಗಾಯವಾಗಲಿ ಕಂಡರೆ ಮುಚ್ಚಿಡಬಾರದು.

"ಎಷ್ಟು ದಿನ ತಗೋಬೇಕು ಡಾಕ್ಟ್ರೇ?"

"ಮುಗಿಯೋ ಕೋರ್ಸ್ ಅಲ್ಲ ಇದು. ತಗೋತಾ ಇರಬೇಕು."

"ಇಪ್ಪತ್ತು ವರ್ಷ ತಗೊಂಡವರಿಗೆ ಏನಾಗಿದೆ?"

"ವಯಸ್ಸು ಇಪ್ಪತ್ತು ವರ್ಷ ಜಾಸ್ತಿಯಾಗಿದೆ." ಆಮೇಲೆ ಕನ್ನಡಕ ತೆಗೆದು, "ತಮಾಷೆ ಬಿಡಿ. ಅಪಾಯವೇ ಇಲ್ಲ ಅಂತ ನಾನು ಹೇಳಲ್ಲ. ಅಪಾಯಕ್ಕಿಂತ ಪ್ರಯೋಜನ ಹೆಚ್ಚು," ಎಂದಿದ್ದರು.

ಆ ವಾಕ್ಯ ಅವನಿಗೆ ಅಪರಿಚಿತವಲ್ಲ. ಅವನೇ ಅದನ್ನು ನೂರಾರು ಜನರಿಗೆ ಹಂಚಿದ್ದ.

ಮಧ್ಯಾಹ್ನ ಕಾರ್ಖಾನೆಯಲ್ಲಿ ಹೊಸದಾಗಿ ಬಂದ ಹಳದಿ ಪುಡಿಯ ಬಗ್ಗೆ ಪಾಠವಿತ್ತು. ಮಿಕ್ಸಿಂಗ್ ವಿಭಾಗದ ಹಿರಿಯ, ಎಲ್ಲರ ಬಾಯಲ್ಲಿ 'ಮೀಸೆ ಮಾವ', ಎದ್ದು ನಿಂತ.

"ಸಾರ್, ದಿನಾ ಇದರ ಗಾಳಿ ಕುಡಿದ್ರೆ ಮುಂದೆ ಏನಾಗುತ್ತೆ?"

"ನಿಗದಿಯಾದ ಮಿತಿಯೊಳಗಿದ್ರೆ ಭಯ ಇಲ್ಲ."

"ಮಿತಿ ನಿಗದಿ ಮಾಡಿದ್ದು ಯಾರು, ಕುಡಿಯೋರಾ ಕುಡಿಸೋರಾ?"

"ಸುಮ್ನೆ ಕೂತ್ಕೋ ಮಾವ," ಹಿಂದಿನಿಂದ ಒಬ್ಬ ಕೂಗಿದ. "ಹಾವೂ ಸಾಯಬಾರದು, ಕೋಲೂ ಮುರೀಬಾರದು. ಅದಕ್ಕೇ ಅಲ್ವಾ ಸಾರ್‌ನ ಇಟ್ಕೊಂಡಿರೋದು?"

ಎಲ್ಲರೂ ನಕ್ಕರು. 'ಗೊತ್ತಿಲ್ಲ' ಎಂಬ ಪ್ರಾಮಾಣಿಕವಾದ ಉತ್ತರ ಅವನ ಗಂಟಲವರೆಗೆ ಬಂತು. ಆದರೆ ಆ ಉತ್ತರಕ್ಕೆ ಅವನ ಹುದ್ದೆಯಲ್ಲಿ ಸಂಬಳವಿರಲಿಲ್ಲ. "ಮಾಸ್ಕ್ ಸರಿಯಾಗಿ ಕಟ್ಕೊಳ್ಳಿ," ಎಂದ.

ಅನ್ಯರ ಆಯುಷ್ಯವನ್ನು ಸರಾಸರಿಯಲ್ಲಿ ಅಳೆಯುವುದು ವಿದ್ಯಾವಂತರ ಅಪ್ರಾಮಾಣಿಕತೆಗಳಲ್ಲೆಲ್ಲ ಅತ್ಯಂತ ಗೌರವಾನ್ವಿತವಾದದ್ದು. ತನ್ನ ಆಯುಷ್ಯವೂ ಸರಾಸರಿಯೊಳಗೆ ಸೇರಿದ ದಿನ ಮಾತ್ರ ಅದು ನಾರತೊಡಗುತ್ತದೆ.

ಸಂಜೆ ಹೆಂಡತಿಯನ್ನೂ ಮಗಳನ್ನೂ ಊಟದ ಮೇಜಿಗೆ ಕರೆದು, ಕಾರ್ಖಾನೆಯಿಂದ ತಂದ ಗ್ಲೌಸುಗಳನ್ನು ನಡುವೆ ಇಟ್ಟು, ಅದೇ ಧ್ವನಿಯಲ್ಲಿ ಪಾಠ ಮಾಡಿದ.

"ಅಷ್ಟು ವಿಷ ಆದ್ರೆ ನೀವ್ಯಾಕೆ ನುಂಗಬೇಕು?" ಹೆಂಡತಿ ಕೇಳಿದಳು.

"ವಿಷ ಅಲ್ಲ. ನುಂಗದೇ ಇದ್ರೆ ಪಾರ್ಶ್ವವಾಯು ಹೊಡೀಬಹುದು."

"ನುಂಗಿದ್ರೆ?"

"ಹೊಡೆಯೋ ಸಾಧ್ಯತೆ ಕಡಿಮೆ."

"ನಿಮ್ಮ ಬಾಯಲ್ಲಿ ಒಂದು ಹೌದು, ಒಂದು ಇಲ್ಲ ಬಂದಿದ್ದು ಯಾವಾಗ? ನನ್ನ ನೋಡೋಕೆ ಬಂದಾಗಲೂ 'ಅಡ್ಡಿಯಿಲ್ಲ' ಅಂದಿದ್ರಿ."

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಪ್ಪಾ, ನಿನ್ನ ಪಕ್ಕ ಕೂತ್ಕೋಬಹುದು ತಾನೇ?"

ಕೂರಬಹುದಿತ್ತು. ಮುಟ್ಟಬಾರದ್ದು ಮಾತ್ರೆಯನ್ನೇ ಹೊರತು ಅಪ್ಪನನ್ನಲ್ಲ; ಡಾಕ್ಟರಮ್ಮ ಅದನ್ನೂ ಬಿಡಿಸಿ ಹೇಳಿದ್ದರು. ಆದರೆ ಎಲ್ಲ ಮಿತಿಗಳಿಗೂ ಇನ್ನೊಂದು ಮಾರು ಸೇರಿಸಿಯೇ ಸಹಿ ಹಾಕಿ ಪಳಗಿದವನು ಅವನು. ಇನ್ನೊಂದು ಮಾರು ಸೇರಿಸಿದ್ದಕ್ಕೆ ಈವರೆಗೆ ಯಾರೂ ಅವನನ್ನು ತಪ್ಪಿತಸ್ಥನೆಂದಿರಲಿಲ್ಲ.

"ಸ್ವಲ್ಪ ದೂರ ಇದ್ರೆ ಒಳ್ಳೇದು."

ಮಗಳ ನಗು ನಿಂತಿತು. ಕುರ್ಚಿಯನ್ನು ಎಳೆದುಕೊಂಡು ಮೇಜಿನ ಆ ತುದಿಗೆ ಹೋದಳು. ಹೆಂಡತಿ ಅವನ ಮುಖವನ್ನೊಮ್ಮೆ ನೋಡಿ ಬಡಿಸತೊಡಗಿದಳು. ತಪ್ಪು ಹೇಳಿದೆ, ಬಾ, ಎನ್ನಬೇಕೆಂದು ಅವನು ಊಟದುದ್ದಕ್ಕೂ ಮಾತು ಜೋಡಿಸಿದ. ಜೋಡಿಸಿದ ಮಾತುಗಳೆಲ್ಲ ಸುತ್ತೋಲೆಯಂತಿದ್ದವು.

ಊಟವಾಯಿತು. ಹೆಂಡತಿ ಪಾತ್ರೆಗಳೊಡನೆ ಒಳಗೆ ಹೋದಳು. ಅವನು ಡಬ್ಬಿ ತೆರೆದು ಮಾತ್ರೆಯೊಂದನ್ನು ಬರಿಗೈಯಲ್ಲಿ ಎತ್ತಿಕೊಂಡ. ನಾಳೆ ಶುರುಮಾಡಿದರಾಗದೆ? ಆದೀತು, ನಾಳೆಯೂ ಇದೇ ಪ್ರಶ್ನೆ ಕೇಳಿಕೊಳ್ಳಬಹುದು. ಬಾಯಿಗೆ ಹಾಕಿ, ಲೋಟದ ನೀರನ್ನೆಲ್ಲ ಒಂದೇ ಗುಟುಕಿಗೆ ಕುಡಿದ. ನೀರು ಇಳಿಯಿತು. ಮಾತ್ರೆ ಅಂಗುಳಕ್ಕೆ ಅಂಟಿಕೊಂಡಿತು.

"ನುಂಗಿದ್ರಾ?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

ಅವನು ಬಾಯಿ ತೆರೆಯುವಂತಿರಲಿಲ್ಲ. ನಾಲಿಗೆಯಿಂದ ನೂಕಿದ; ಅದು ಕದಲಲಿಲ್ಲ.

"ಅಪ್ಪಾ!" ಮೇಜಿನ ಆ ತುದಿಯಲ್ಲಿ ಮಗಳು ಎದ್ದು ನಿಂತಿದ್ದಳು. ಮುನಿಸು ಮರೆತ ಮುಖ. "ಒದೀತಿದೆ ಅಪ್ಪಾ! ಬೇಗ ಬಾ, ಕೈ ಇಟ್ಟು ನೋಡು!"

ಅವನು ಎದ್ದ. ಕುರ್ಚಿ ಹಿಂದಕ್ಕೆ ಉರುಳಿತು. ಮಗಳ ಎದುರಿಗೆ ಬಂದು, ಮಾತ್ರೆ ಹಿಡಿದಿದ್ದ ತನ್ನ ಬೆರಳುಗಳನ್ನು ಕಂಡು, ಅಲ್ಲೇ ನಿಂತ.

"ಬಾರೋ ಅಪ್ಪಾ, ಸುಮ್ಮನಾಗಿಬಿಡುತ್ತೆ!"

ಅವಳು ಅವನ ಮಣಿಕಟ್ಟಿಗೆ ಕೈಚಾಚಿದಳು. ಅವನು ಎರಡೂ ಕೈಗಳನ್ನು ಮೇಲೆತ್ತಿದ. ಬಾಯೊಳಗೆ ಮಾತ್ರೆಯ ಕವಚ ಮೆಲ್ಲಗೆ ಮೆದುವಾಗುತ್ತಿತ್ತು. ಬಟ್ಟೆಯ ಮರೆಯಲ್ಲಿ ಒಂದು ಪುಟ್ಟ ಉಬ್ಬು ಎದ್ದು, ಅತ್ತಿತ್ತ ಸರಿದು, ಮತ್ತೆ ಎದ್ದಿತು. ತುಟಿ ಬಿಗಿದು, ಬಂದೂಕಿನ ಮುಂದೆ ಸಿಕ್ಕಿಬಿದ್ದವನಂತೆ ಕೈಗಳನ್ನು ಗಾಳಿಯಲ್ಲಿ ಹಿಡಿದು, ಅವನು ಅದನ್ನೇ ನೋಡುತ್ತ ನಿಂತಿದ್ದ.