ಆರು ಸೆಕೆಂಡು ಮೊದಲು

ಅಮೆರಿಕದ ಅಧ್ಯಕ್ಷರಾಗಬೇಕೆನ್ನುವವರು ಮೊದಲು ತಮ್ಮ ಪಕ್ಷದವರ ಜೊತೆಗೇ ವೇದಿಕೆಯ ಮೇಲೆ ವಾದ ಮಾಡಿ ಗೆಲ್ಲಬೇಕು. ಆ ಡಿಬೇಟು ಅಲ್ಲಿ ರಾತ್ರಿ ಶುರುವಾದರೆ ಜಯಲತಾಳ ಆಫೀಸಿದ್ದ ಮಹಾಪೆಯಲ್ಲಿ ಬೆಳಗಿನ ಆರೂವರೆ. ಅಷ್ಟು ಹೊತ್ತಿಗೆ ಅವಳು ಡೊಂಬಿವಲಿಯ ಮನೆಯಿಂದ ಕಂಪನಿಯ ಗಾಡಿಯಲ್ಲಿ ಬಂದು ಟಿವಿಯ ಮುಂದೆ ಕೂತಿರುತ್ತಿದ್ದಳು. ಕೈಯಲ್ಲೊಂದು ಪುಟ್ಟ ಡಬ್ಬಿ, ಅದರ ಮೇಲೆ ತಿರುಗುವ ಗುಂಡಿ. ಮಾತು ಹಿಡಿಸಿದರೆ ಬಲಕ್ಕೆ, ಹಿಡಿಸದಿದ್ದರೆ ಎಡಕ್ಕೆ, ಸೊನ್ನೆಯಿಂದ ನೂರರವರೆಗೆ. ಅವಳಂತೆ ಇನ್ನೂ ನಾಲ್ವರಿದ್ದರು. ಐವರ ಅಂಕಗಳೂ ಕ್ಷಣಕ್ಷಣಕ್ಕೆ ದಾಖಲಾಗಿ ಅಮೆರಿಕದ ಯಾವುದೋ ಸಂಸ್ಥೆಗೆ ಹೋಗುತ್ತಿದ್ದವು.

ಇಪ್ಪತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ, ಭಾಷಣ ಸ್ಪರ್ಧೆಗಳಿಗೆ ತೀರ್ಪು ಕೊಟ್ಟು ಪಳಗಿದವಳು ಅವಳು. ಬಾಯಿಪಾಠ ಮಾಡಿದ ಜೋಕು ಹೇಳುವವನು ಮೊದಲೇ ಒಂದು ಉಸಿರು ಎಳೆದುಕೊಳ್ಳುತ್ತಾನೆ, ಉತ್ತರ ಗೊತ್ತಿಲ್ಲದವಳು ಪ್ರಶ್ನೆಯನ್ನೇ ಹೊಗಳುತ್ತಾಳೆ. ಇಂಥವೆಲ್ಲ ಅವಳ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ.

ಮೂರನೇ ಡಿಬೇಟು ಮುಗಿದ ಮಧ್ಯಾಹ್ನ ಮೇಲ್ವಿಚಾರಕ ವಿಜಯಕುಮಾರ ಅವಳನ್ನು ಕರೆಸಿದರು. ಬಾಗಲಕೋಟೆ ಕಡೆಯವರು, ಐವತ್ತು ದಾಟಿದ ನಗುಮುಖದ ಮನುಷ್ಯ.

"ಮೇಡಂ, ಸಿಟ್ಟಾಗಬ್ಯಾಡ್ರಿ. ಟಿವ್ಯಾಗ ಬರೂಕಿಂತ ಮೊದಲ ವಿಡಿಯೊ ಎಲ್ಲಿಂದರ ನೋಡಾಕತ್ತೀರೇನ್ರಿ?"

"ಎಂತ ಸರ್ ಹೀಗೆ ಕೇಳ್ತೀರಿ? ಎಲ್ಲರಿಗೂ ಬರುವ ಟಿವಿಯೇ ಅಲ್ವಾ ನನಗೂ?"

ಅವರು ಕಂಪ್ಯೂಟರಿನ ಪರದೆ ತಿರುಗಿಸಿ ತೋರಿಸಿದರು. ಅಭ್ಯರ್ಥಿಯೊಬ್ಬ ತಡವರಿಸಿದ ಮೇಲೆ ಉಳಿದ ನಾಲ್ವರ ಅಂಕದ ಗೆರೆಗಳೂ ಕೆಳಗಿಳಿದಿದ್ದವು. ಜಯಲತಾಳ ಗೆರೆ ಮಾತ್ರ ಮೊದಲೇ ಇಳಿದಿತ್ತು. ಸರಿಯಾಗಿ ಆರು ಸೆಕೆಂಡು ಮೊದಲು. ಒಂದು ಸಲವಲ್ಲ, ಹನ್ನೊಂದು ಸಲ.

ಆಕೆ ನಂಬಲಿಲ್ಲ. ತಡವರಿಸಿದ್ದನ್ನು ಕೇಳಿಸಿಕೊಂಡೇ ಗುಂಡಿ ತಿರುಗಿಸಿದ್ದೆ ಎಂದು ಆಣೆ ಹಾಕಲೂ ಸಿದ್ಧಳಿದ್ದಳು. ವಿಜಯಕುಮಾರ ಅವಳು ಎಂದೂ ನೋಡಿರದ ಹಳೆಯ ಡಿಬೇಟೊಂದನ್ನು ಹಾಕಿದರು. ಆಗಲೂ ಅದೇ ಆರು ಸೆಕೆಂಡು.

ನಾಲ್ಕನೇ ಡಿಬೇಟಿನ ದಿನ ಆಕೆ ಟಿವಿಗಿಂತ ಹೆಚ್ಚಾಗಿ ತನ್ನ ಕೈಯನ್ನೇ ನೋಡುತ್ತಿದ್ದಳು. ವಯಸ್ಸಾದ ಗವರ್ನರ್ ಒಬ್ಬರು ತಮ್ಮ ರಾಜ್ಯದ ನೆರೆಹಾವಳಿಯ ಬಗ್ಗೆ ಮನಮುಟ್ಟುವಂತೆ ಹೇಳುತ್ತಿದ್ದರು. ಅಷ್ಟರಲ್ಲಿ ಅವಳ ಬೆರಳುಗಳು ಎಡಕ್ಕೆ ಹೊರಳಿದವು. ಎಡಗೈಯಿಂದ ಬಲಮುಂಗೈಯನ್ನು ಬಿಗಿಹಿಡಿದಳು. ಹಿಡಿತದೊಳಗೇ ಬೆರಳುಗಳು ತಿರುಗಿ ಗುಂಡಿಯನ್ನು ಸೊನ್ನೆಗೆ ತಂದು ನಿಲ್ಲಿಸಿದವು. ಆಕೆ ಮನಸ್ಸಿನಲ್ಲೇ ಎಣಿಸಿದಳು. ಆರಕ್ಕೆ ಬರುವಾಗ ಮುದುಕರ ಮಾತು ನಿಂತಿತು. ತುಟಿ ಆಡುತ್ತಿತ್ತು, ದನಿಯಿರಲಿಲ್ಲ. ಕಾಣದ ಯಾರೋ ಏನೋ ಕೇಳಿದಂತೆ ಅವರು ನೆಟ್ಟಗೆ ಕ್ಯಾಮೆರಾವನ್ನೇ ನೋಡಿದರು. ಜಾಹೀರಾತು ಬಂತು. ಆಯಾಸವಾಗಿತ್ತೆಂದು ಅವರ ಕಡೆಯವರು ಹೇಳಿಕೆ ಕೊಟ್ಟರು. ಮೂರು ದಿನಕ್ಕೆ ಗವರ್ನರ್ ಸ್ಪರ್ಧೆಯಿಂದ ಹಿಂದೆ ಸರಿದರು.

ಮರುವಾರ ಕ್ಯಾಂಟೀನಿನಲ್ಲಿ ಆಕೆ ಚಹಾ ಹಿಡಿದು ಕೂತಿದ್ದಾಗ ವಿಜಯಕುಮಾರ ಬಂದು ಎದುರಿಗೆ ನಿಂತರು.

"ಅಮೆರಿಕದವ್ರಿಗೆ ಇನ್ನ ನೀವೊಬ್ರ ಬೇಕಂತ ಮೇಡಂ. ಉಳದವ್ರು ಬ್ಯಾಡಂತ."

"ನನ್ನಿಂದ ಆಗುದಿಲ್ಲ ಸರ್. ಹೆದರಿಕೆ ಆಗ್ತದೆ."

"ಹೆದರೂದೇನೈತ್ರಿ ಇದರಾಗ? ದೇವರು ಕೊಟ್ಟಿದ್ದನ್ನ ಬ್ಯಾಡ ಅನಬಾರದು."

ಅವರು ಹೇಳುತ್ತಲೇ ಇದ್ದರು. ಜಯಲತಾಳ ಕಣ್ಣು ಮೇಜಿನತ್ತ ಹೋಯಿತು. ಅವಳ ಬೆರಳುಗಳು ಚಹಾದ ಕಪ್ಪನ್ನು ಎಡಕ್ಕೆ ತಿರುಗಿಸುತ್ತಿದ್ದವು. ನಿಧಾನವಾಗಿ, ಪೂರ್ತಿ, ಮಣಿಕಟ್ಟು ಇನ್ನು ತಿರುಗಲಾರದಷ್ಟು.

"ಸರ್, ಕೂತ್ಕೊಳ್ಳಿ."

"ಯಾಕ್ರಿ?"

"ಮೊದಲು ಕೂತ್ಕೊಳ್ಳಿ ಅಂದೆ!"

ತರಗತಿಯ ಆ ಗದರಿಕೆಗೆ ಅವರು ನಗುತ್ತಲೇ ಕುರ್ಚಿಯಲ್ಲಿ ಕೂತರು. "ಅಲ್ರಿ, ನಾ..." ಎಂದರು. ಮುಖದ ಒಂದು ಪಕ್ಕ ಜೋತುಬಿತ್ತು. ನಿಂತಿದ್ದರೆ ತಲೆ ಕಲ್ಲುನೆಲಕ್ಕೆ ಬಡಿಯುತ್ತಿತ್ತು. ಜಯಲತಾ ಅವರ ಹೆಗಲು ಹಿಡಿದುಕೊಂಡು ಆಂಬುಲೆನ್ಸ್ ಕರೆಸಲು ಕೂಗಿ ಹೇಳಿದಳು. ಪಾರ್ಶ್ವವಾಯು, ಹೊತ್ತಿಗೆ ಸರಿಯಾಗಿ ತಂದಿರಿ ಎಂದರು ಡಾಕ್ಟರು.

ಆಕೆ ಕೆಲಸ ಬಿಟ್ಟಳು. ಎರಡು ತಿಂಗಳ ಮೇಲೆ ಠಾಕುರ್ಲಿಯ ಅವರ ಮನೆಗೆ ಹೋದಾಗ ವಿಜಯಕುಮಾರ ಕಿಟಕಿಯ ಬಳಿ ಕೂತಿದ್ದರು. ಮಾತು ಒಂದೊಂದಾಗಿ ಮರಳಿ ಬರುತ್ತಿತ್ತು. ಹೆಂಡತಿ ವೈಶಾಲಿ ಒಳಗೆ ಹೋಗುವುದನ್ನೇ ಕಾದು ಅವರು ಕೇಳಿದರು.

"ಅವತ್ತ... ನಂದು... ಎಷ್ಟಕ್ಕ ಇಳದಿತ್ರಿ?"

"ಅರ್ಧಕ್ಕೆ ಸರ್. ಅರ್ಧಕ್ಕಷ್ಟೇ."

ಅವರು ನಿಟ್ಟುಸಿರು ಬಿಟ್ಟರು. ಆಮೇಲೆ ಗೆಲುವಾಗಿ, ಮುಂದಿನ ತಿಂಗಳು ಸ್ಟೇಷನ್ನಿನವರೆಗೆ ನಡೆಯಬಹುದೆಂದು ಡಾಕ್ಟರು ಹೇಳಿದ್ದನ್ನು ತೊದಲುತ್ತ ಹೇಳತೊಡಗಿದರು. ಆ ಮಾತು ಮುಗಿಯುವವರೆಗೂ ಜಯಲತಾ ತನ್ನ ಬಲಗೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕೂತಿದ್ದಳು.