ಹಂಡ್ಯಾನ ಮಗ್ಗುಲು

“ಹಗೂರ್ಕ ಹಾಕೋ ಲಗಮಪ್ಪಾ, ಹಾರಿ ಎಲುಬಿಗೆ ತಾಕೀತು!” ಎಂದು ಕಾಶೆವ್ವ ಕುಣಿಯ ಅಂಚಿಗೇ ಬಂದು ಕೂಗಿದಳು.

ಎತ್ತಿದ ಹಾರೆಯನ್ನು ಲಗಮಪ್ಪ ಹಾಗೆಯೇ ತಡೆದ. ಅತ್ತ ಮನೆಯಲ್ಲಿ ಅವಳ ಗಂಡ ಗುರುಲಿಂಗಪ್ಪನ ಹೆಣಕ್ಕೆ ವಿಭೂತಿ ಬಳಿದು ಕುಳ್ಳಿರಿಸಿ, ಮಂದಿ ಭಜನೆಗೆ ಕೂತಿದ್ದರು. ಹೆಂಗಸರು ತಡೆದರೂ ಈಕೆ ಹೊಲಕ್ಕೆ ಬಂದಿದ್ದಳು. ಬರದೆ ಹೇಗೆ? ಎತ್ತು ಹಂಡ್ಯಾ ಮಲಗಿದ ಜಾಗ ಅವಳಷ್ಟು ಗೊತ್ತಿದ್ದವರು ಮಮದಾಪುರದಲ್ಲಿ ಇನ್ನಾರಿದ್ದರು? “ನನ್ನ ಹಂಡ್ಯಾನ ಬಾಜೂಕ ಹೂಳ್ರಿ” ಎಂದು ಗುರುಲಿಂಗಪ್ಪ ಊರಿಗೆಲ್ಲ ಹೇಳಿಟ್ಟಿದ್ದ. ಎತ್ತಿಗೆ ಮನುಷ್ಯನ ಹಾಗೆ ಮಣ್ಣು ಕೊಟ್ಟ ಪುಣ್ಯಾತ್ಮನೆಂದು ಊರು ಅವನಿಗೆ ಕೈಮುಗಿಯುತ್ತಿತ್ತು.

“ಅಪ್ಪಾರಿಗೆ ಹೆಂಡ್ತಿ ಬಾಜೂ ಬ್ಯಾಡಾತು, ಎತ್ತಿನ ಬಾಜೂ ಬೇಕಾತು ನೋಡ್ರಿ” ಎಂದು ಲಗಮಪ್ಪ ಅವಳ ಮುಖ ತಿಳಿಯಾಗಿಸಲು ನೋಡಿದ.

“ನಾನೂ ಬರ್ತೀನೇಳು. ಆ ಕಡಿ ಮಗ್ಗಲಕ ನಾ, ಈ ಕಡಿ ಅವರು. ನಡುವ ನಮ್ಮ ಹಂಡ್ಯಾ.”

ಬಲಗಡೆ ಬಂಡೆ ಸಿಕ್ಕಿತು. ಕುಣಿ ಎಡಕ್ಕೆ ಸರಿದು, ಬೇವಿನ ಕೆಳಗೆ ಹಂಡ್ಯಾನ ಗುರುತಿಗೆ ನೆಟ್ಟ ಕಲ್ಲಿನ ಬುಡಕ್ಕೇ ಬಂತು. ಎದೆಯಾಳ ಇಳಿದ ಮೇಲೆ ಲಗಮಪ್ಪ ಹಾರೆ ಬದಿಗಿಟ್ಟ. ಕುಣಿಯ ಗೋಡೆಯನ್ನು ಅಂಗೈಯಿಂದ ಸವರಿದ.

“ಅವ್ವಾರ, ಇಲ್ಲಿ ಎಲುಬಿಲ್ರಿ.”

“ಇನ್ನೂ ತೆಳಗ ಇರ್ತಾವ.”

“ಒಮ್ಮಿ ಕಡದ ಮಣ್ಣು ಕಲಸಿರತೈತ್ರಿ. ಇದನ್ನ ನೋಡ್ರಿ, ಮ್ಯಾಲ ಎರಿಮಣ್ಣು, ತೆಳಗ ಗರಸು, ಗೆರಿ ಕೊರದಾಂಗ ಐತಿ. ಈ ನೆಲಾ ಇವತ್ತಿನ ತನಾ ಯಾರೂ ಕಡದಿಲ್ಲ.”

*

ಪ್ಲೇಗಿನ ವರ್ಷ ಊರೇ ಹೊಲಗಳಲ್ಲಿ ಗುಡಿಸಲು ಹಾಕಿತ್ತು. ಅಲ್ಲೇ ಕಾಶೆವ್ವನ ಎರಡು ತಿಂಗಳ ಕೂಸು ಹೋಯಿತು. ಅದೇ ವಾರ ಮನೆಯ ಆಕಳು ಕರು ಹಾಕಿ ಸತ್ತಿತು. ಆಡಿನ ಹಾಲು ಸಾಲದಾದಾಗ ಕಾಶೆವ್ವ ತನ್ನ ಎದೆಹಾಲನ್ನೇ ಬಟ್ಟಲಿಗೆ ಹಿಂಡಿ, ಅರಿವೆ ಅದ್ದಿ ಕರುವಿನ ಬಾಯಿಗಿಟ್ಟಳು. ಬಟ್ಟಲು ಹಿಡಿದು ಕೂತವನು ಗುರುಲಿಂಗಪ್ಪನೇ.

ಆ ಕರುವೇ ಹಂಡ್ಯಾ. ಹನ್ನೆರಡು ವರ್ಷ ಉತ್ತು, ಕುಂಟಾದ. ಆ ಬೇಸಿಗೆ ಅವಳು ತಂಗಿಯ ಬಾಣಂತನಕ್ಕೆಂದು ಹುಕ್ಕೇರಿಗೆ ಹೋಗಿ ತಿಂಗಳಿಗೆ ಮರಳಿದಳು. ಕೊಟ್ಟಿಗೆ ಬರಿದಾಗಿತ್ತು. ಗಂಡ ಅವಳ ಕೈಗೆ ಕೊರಳ ಗಂಟೆ ಇಟ್ಟು, “ಬಾಗಲಾ ನೋಡ್ಕೋತನ ಜೀವಾ ಬಿಟ್ಟ. ನಾನೂ ತಮ್ಮಾನೂ ಕೂಡಿ ಬೇವಿನ ಬುಡಕ ಮಣ್ಣು ಕೊಟ್ವಿ” ಎಂದಿದ್ದ. ಅಲ್ಲಿಂದ ಆರು ಕಾರಹುಣ್ಣಿಮೆ ಅವಳು ಆ ಕಲ್ಲಿಗೆ ಹೋಳಿಗೆ ಇಟ್ಟಿದ್ದಳು. ಪಕ್ಕದಲ್ಲೇ ನಿಂತು ಅವನು ಕಣ್ಣೊರೆಸಿಕೊಳ್ಳುತ್ತಿದ್ದ.

*

ಕುಣಿ ಆಯಿತೇ ಎಂದು ನೋಡಲು ಮೈದುನ ದುಂಡಪ್ಪ ಬಂದ.

“ದುಂಡಪ್ಪಾ, ಹಂಡ್ಯಾ ಎಲ್ಲಿ?”

ಅವನು ಕುಣಿಯೊಳಗೆ ನೋಡಿದ. ತಲೆಯ ರುಮಾಲು ಬಿಚ್ಚಿದ. “ಇವತ್ತ ಬ್ಯಾಡ ವೈನಿ.”

“ಎಲ್ಲಿ?”

“ಅಣ್ಣ ಸಂತ್ಯಾಗ ಮಾರಿದ, ವೈನಿ. ಕಡಿಯಾಕ ಒಯ್ಯೋರಿಗೆ. ಕುಂತು ತಿನ್ನೋ ಎತ್ತು ಎಷ್ಟ ದಿನಾ ಸಾಕೂದು ಅಂದ. ಹಗ್ಗಾ ನಾನೂ ಹಿಡದಿದ್ದೆ. ನಿಮಗ ಹೇಳಬಾರದಂತ ಆಣಿ ಹಾಕಿಸ್ಕೊಂಡ.”

“ಹೋಳಿಗಿ ಇಟ್ಟಾಗೆಲ್ಲಾ ಅಳತಿದ್ನಲ್ಲೋ?”

“ಅದು ಖರೇ ಅಳೂನ ವೈನಿ.”

ಕಾಶೆವ್ವ ಅಳಲಿಲ್ಲ. ಹೆಣದ ಮಡಿಲಿಗೆ ಹಾಕಬೇಕೆಂದು ತಂದಿದ್ದ ಗಂಟೆ ಸೆರಗಿನ ಗಂಟಿನಲ್ಲಿತ್ತು. ಅದನ್ನು ಬಿಚ್ಚಿ ಮುಷ್ಟಿಯಲ್ಲಿ ಹಿಡಿದಳು. ಸಂತೆಯಲ್ಲಿ ಆ ಕೊರಳಿನಿಂದ ಇದನ್ನು ಬಿಚ್ಚುವಾಗ ಹಂಡ್ಯಾ ಸುಮ್ಮನೆ ತಲೆ ಬಗ್ಗಿಸಿರಬೇಕು. ದಿನಾ ಅವಳಿಗೆ ಬಗ್ಗಿಸುತ್ತಿದ್ದ ಹಾಗೆ.

ಭಜನೆಯ ಸಪ್ಪಳ ಹತ್ತಿರವಾಯಿತು. “ಬ್ಯಾರೆ ಕಡೆ ಕುಣಿ ತೋಡಸ್ಲೇನ್ರಿ?” ಎಂದ ದುಂಡಪ್ಪ.

“ಬ್ಯಾಡ. ಕೇಳ್ಕೊಂಡ ಜಾಗಾದಾಗನ ಕುಂದರ್ಲಿ.”

ಹೆಣ ಕೂರಿಸುವ ಗೂಡು ಕೊರೆಯಲು ಲಗಮಪ್ಪ ಬಾಗಿದ. “ಮುಖಾ ಮೂಡಣಕ್ಕ ಅಲ್ರಿ?”

“ಅಲ್ಲ.” ಕಾಶೆವ್ವ ಬೇವಿನಾಚೆಗೆ ಪಡುವಣಕ್ಕೆ ಕೈ ಮಾಡಿದಳು. “ಸಂತಿ ಹಾದಿ ಕಡೆ.”

“ಅಯ್ಯನೋರು ಒಪ್ಪೂದಿಲ್ಲ ವೈನಿ” ಎಂದ ದುಂಡಪ್ಪ.

“ಎದಿಹಾಲು ಕುಡಿಸಿದಾಕಿ ನಾ. ಅಯ್ಯನೋರಲ್ಲ.”

ಲಗಮಪ್ಪ ಒಮ್ಮೆ ದುಂಡಪ್ಪನ ಕಡೆ ನೋಡಿದ. ದುಂಡಪ್ಪ ನೆಲ ನೋಡಿದ. ಹಾರೆ ಪಡುವಣದ ಕಡೆ ತಿರುಗಿತು.

ಹೆಣವನ್ನು ಪಡುವಣಕ್ಕೆ ಮುಖ ಮಾಡಿ ಕೂರಿಸಿದಾಗ, ವಿಧಿ ಮಾಡಿಸಲು ಬಂದ ಅಯ್ಯನವರು ಗೊಣಗಿದರು, ಹೊತ್ತಾಗಿದೆಯೆಂದು ಮಂದಿ ಸುಮ್ಮನಾಗಿಸಿದರು. ಒಬ್ಬೊಬ್ಬರೂ ಹಿಡಿಮಣ್ಣು ಹಾಕಿದರು. ಅಂದು ಸಂತೆಯ ದಿನ. ಹಾದಿಯ ಮೇಲೆ ಯಾರೋ ಮುದಿ ದನಗಳನ್ನು ಹೊಡೆದುಕೊಂಡು ಹೊರಟಿದ್ದರು. ಧೂಳಿನೊಳಗಿಂದ ಗಂಟೆಗಳ ಸಪ್ಪಳ ಬಂತು. ಮಣ್ಣು ಗುರುಲಿಂಗಪ್ಪನ ಎದೆಗೇರಿತು, ಹೆಗಲಿಗೇರಿತು. ವಿಭೂತಿಯ ಮುಖವೊಂದೇ ಆ ಕಡೆ ತಿರುಗಿ ಉಳಿದಿತ್ತು. ಕಾಶೆವ್ವ ಮಣ್ಣು ಹಾಕಲಿಲ್ಲ. ಎರಡೂ ಕೈಯಲ್ಲಿ ಗಂಟೆ ಹಿಡಿದು, ಅದರ ನಾಲಗೆಯನ್ನು ಬೆರಳಿನಿಂದ ಒತ್ತಿಕೊಂಡು ನಿಂತಿದ್ದಳು.