ಗಾದೆಯಕ್ಕನ ಡಬ್ಬಿ

ಅಂದು ಬೆಳಿಗ್ಗೆ ಆಕಾಶ, ಹಿಂಡದೆ ಬಿಟ್ಟ ನೆಲ ಒರೆಸುವ ಬಟ್ಟೆಯ ಹಾಗೆ ಊರಿನ ಮೇಲೆ ಬಿದ್ದುಕೊಂಡಿತ್ತು. ಮಳೆ ಬರಲೊಲ್ಲದು, ಬಿಸಿಲು ಬೀಳಲೊಲ್ಲದು. ಗಾಳಿಯನ್ನು ಯಾರೋ ಕೂಡಿಹಾಕಿ ಚಿಲಕ ಹಾಕಿದಂತಿತ್ತು. ಇಂಥ ದಿನ ವಾಸನೆಗಳಿಗೆ ಕಾಲಿರುವುದಿಲ್ಲ. ಹುಟ್ಟಿದ ಜಾಗದಲ್ಲೇ ಕುಕ್ಕರಗಾಲಲ್ಲಿ ಕೂತು ಬೆಳೆಯುತ್ತವೆ.

ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ಲಾಂಡ್ರಿಗೆ ವಾಸನೆ ಹೊಸದಲ್ಲ. ರಕ್ತ, ಕೀವು, ವಾಂತಿ, ಮನುಷ್ಯ ಚರ್ಮದೊಳಗೆ ಬಚ್ಚಿಟ್ಟುಕೊಂಡು ಮಾನವಂತನಾಗಿ ಓಡಾಡುವ ಸಕಲವೂ ಅಲ್ಲಿಗೆ ಮೂಟೆ ಕಟ್ಟಿಕೊಂಡು ಬರುತ್ತದೆ. ಆದರೆ ಇದು ಆ ಜಾತಿಯದಲ್ಲ. ಗೇಟು ದಾಟುತ್ತಿದ್ದಂತೆ ಗಾದೆಯಕ್ಕ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಸಿಹಿಯಾದ, ಕೊಬ್ಬಿದ, ಹಲ್ಲಿಗೆ ಅಂಟುವ ನಾತ.

"ಹಾಳಾದೋರು, ಮೂಟೇಲಿ ಏನು ಕಳಿಸಿದ್ದಾರೋ" ಅಂದಳು.

"ಹೋದ ಸಲ ಹಲ್ಲಿನ ಸೆಟ್ಟು ಬಂದಿತ್ತು. ಈ ಸಲ ಹಲ್ಲಿನ ಯಜಮಾನನೇ ಬಂದಿರಬೇಕು" ಎಂದ ಬಾಯ್ಲರ್ ಮಾಮ. ಬಿಸಿನೀರಿನ ಹಂಡೆಗಳನ್ನು ನೋಡಿಕೊಳ್ಳುವ ಈ ಮುದುಕ ನಗಿಸದೆ ಕೆಲಸ ಶುರು ಮಾಡಿದವನಲ್ಲ.

ಗಾದೆಯಕ್ಕ ಅನ್ನುವುದು ಅವಳಿಗೆ ತಾಯಿ ಇಟ್ಟ ಹೆಸರಲ್ಲ, ಲಾಂಡ್ರಿ ಇಟ್ಟದ್ದು. ಇಸ್ತ್ರಿ ಮೇಜಿನ ಹಿರಿಯಳು. ಅವಳ ಬಾಯಲ್ಲಿ ಗಾದೆ ಇಲ್ಲದ ಕಷ್ಟ ಈ ಭೂಮಿಯ ಮೇಲೆ ಹುಟ್ಟಿರಲಿಲ್ಲ. ಗಂಡ ಕುಡಿಯುತ್ತಾನೆಂದು ಅಳುತ್ತ ಬಂದವಳಿಗೂ, ಮನೆ ಬಿಡಿಸುತ್ತಿದ್ದಾರೆಂದು ಹೆದರಿ ಬಂದವಳಿಗೂ, ಇಸ್ತ್ರಿಪೆಟ್ಟಿಗೆ ಕೆಳಗಿಡದೆ ಒಂದೊಂದು ಗಾದೆ ಮಡಚಿ ಕೊಡುತ್ತಿದ್ದಳು. ಬಂದವರು ಹಗುರಾಗಿ ಹೋಗುತ್ತಿದ್ದರು. ದೇವರು ತನಗೆ ಆಸ್ತಿ ಕೊಡದಿದ್ದರೂ ಬುದ್ಧಿ ಕೊಟ್ಟಿದ್ದಾನೆ, ಅದನ್ನು ಹಂಚುವುದೇ ತನ್ನ ಪುಣ್ಯ ಎಂದು ಅವಳು ನಂಬಿದ್ದಳು. ದಿನಾ ದೀಪ ಹಚ್ಚಿ ಅದಕ್ಕಾಗಿ ಕೈಮುಗಿಯುತ್ತಿದ್ದಳು ಕೂಡ.

ಅವಳ ಸೊಸೆಗೂ ಅದೇ ಲಾಂಡ್ರಿಯಲ್ಲಿ ಕೆಲಸ, ಆದರೆ ಆ ಕೊನೆಯ ಕೋಣೆಯಲ್ಲಿ, ಮೂಟೆ ಬಿಚ್ಚಿ ಬಟ್ಟೆ ಬೇರ್ಪಡಿಸುವಲ್ಲಿ. ರಕ್ತದ್ದು ತಣ್ಣೀರಿಗೆ, ಉಳಿದದ್ದು ಬಿಸಿಗೆ. ರಕ್ತದ ಮೇಲೆ ಅವಸರದಿಂದ ಬಿಸಿನೀರು ಹೊಯ್ದರೆ ಕಲೆ ಅಲ್ಲೇ ಕಚ್ಚಿಕೊಂಡು ಜನ್ಮಕ್ಕೂ ಬಿಡುವುದಿಲ್ಲ. ಸೊಸೆಗೆ ಮಾತು ಕಡಿಮೆ. ಆ ಕೋಣೆಯಲ್ಲಿ ಬಾಯಿ ತೆರೆಯುವವರೂ ಕಡಿಮೆಯೇ.

ಅವಳ ಗಂಡ, ಅಂದರೆ ಗಾದೆಯಕ್ಕನ ಒಬ್ಬನೇ ಮಗ, ಸಿಟ್ಟು ಬಂದರೆ ಕೈ ಎತ್ತುತ್ತಿರಲಿಲ್ಲ. "ನನ್ನ ಮಗ ಹೆಂಗಸಿನ ಮೇಲೆ ಕೈ ಮಾಡೋನಲ್ಲ" ಎಂದು ತಾಯಿ ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಿದ್ದಳು. ಮಾತು ಸುಳ್ಳಲ್ಲ. ಅವನು ಕೆಳತುಟಿಯನ್ನೊಮ್ಮೆ ನೆಕ್ಕಿಕೊಂಡು, ಕುರ್ಚಿಯಲ್ಲಿ ತುಸು ಹಿಂದಕ್ಕೆ ವಾಲಿ, ಹೆಂಡತಿಯ ತಟ್ಟೆಗೆ ಉಗಿಯುತ್ತಿದ್ದ. ಬಿಸಿ ಅನ್ನದ ಮೇಲೆ ಅದು ನೊರೆನೊರೆಯಾಗಿ ಕೂತಿರುತ್ತಿತ್ತು. ಆಮೇಲೆ ತನ್ನ ಪಾಡಿಗೆ ತಾನು ಉಣ್ಣುತ್ತಿದ್ದ.

ಆಗ ಗಾದೆಯಕ್ಕ ಸೊಸೆಗೆ ಬುದ್ಧಿ ಹೇಳುತ್ತಿದ್ದಳು. "ತೊಳ್ಕೊಂಡು ತಿನ್ನು. ಉಗುಳು ತೊಳೆದ್ರೆ ಹೋಗತ್ತೆ, ಮನೆ ಒಡೆದ್ರೆ ಕೂಡಲ್ಲ."

ಸೊಸೆ ಎದ್ದು ತೊಳೆದುಕೊಂಡು ಬಂದು ತಿನ್ನುತ್ತಿದ್ದಳು. ಹೋದ ವಾರ ಒಂದು ದಿನ ಎದ್ದವಳು ತೊಳೆಯಲಿಲ್ಲ. ತಟ್ಟೆಯನ್ನು ಇದ್ದ ಹಾಗೇ ನೆಲದ ಮೇಲಿಟ್ಟು, ಉಟ್ಟ ಬಟ್ಟೆಯಲ್ಲೇ ಹೊರಟುಹೋದಳು. ಲಾಂಡ್ರಿಯಲ್ಲಿ ಹರಿದ ಬಟ್ಟೆಗೆ ತೇಪೆ ಹಾಕುವ ಹೊಲಿಗೆಯವಳೊಬ್ಬಳಿದ್ದಳು, ಅವಳ ಕೋಣೆ ಸೇರಿಕೊಂಡಳು. ಮಗು ನಿದ್ದೆಯಲ್ಲಿತ್ತು. ಬೆಳಿಗ್ಗೆ ಕರೆದುಕೊಂಡು ಹೋಗಲು ಬಂದಾಗ ಗಾದೆಯಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಮಗು ಎಲ್ಲಿಗೂ ಬರಲ್ಲ. ಕರು ಕೊಟ್ಟಿಗೇಲಿದ್ರೆ ಹಸು ತಾನಾಗೇ ಬರತ್ತೆ."

ಅಂದಿನಿಂದ ಮಗು ಅಪ್ಪನ ಜೊತೆ ಮನೆಯಲ್ಲಿ. ಬಾಗಿಲಿಗೆ ಒಳಗಿನಿಂದ ಚಿಲಕ. ಸೊಸೆ ಮಾತ್ರ ದಿನಾ ಸಂಜೆ ಲಾಂಡ್ರಿಯ ಗೇಟಿನ ಹತ್ತಿರ ನಿಂತು ಅದೇ ಮಾತು ಕೇಳುತ್ತಿದ್ದಳು: "ಮಗು ಕೊಡಿ ಅತ್ತೆ." ಗಾದೆಯಕ್ಕನ ಹತ್ತಿರ ಅದಕ್ಕೂ ದಿನಕ್ಕೊಂದು ಗಾದೆಯಿತ್ತು.

ಹಾಗಂತ ಅವಳು ಕಲ್ಲೆದೆಯವಳಲ್ಲ. ಮಾರನೆಯ ದಿನವೇ ಸ್ಟೀಲಿನ ಡಬ್ಬಿಯಲ್ಲಿ ಅನ್ನ, ಬೇಯಿಸಿದ ಮೊಟ್ಟೆ, ಆಲೂಗಡ್ಡೆ ತುಂಬಿ, ಲಾಂಡ್ರಿಯ ಆ ಕೊನೆಯ ಕೋಣೆಯಲ್ಲಿದ್ದ ಸೊಸೆಯ ಗೋಡೆಬೀರುವಿನಲ್ಲಿ ಇಟ್ಟು ಬಂದಿದ್ದಳು. "ಹೊಟ್ಟೆಗೆ ಊಟ ಇಳಿದ್ರೆ ತಲೆಗೆ ಬುದ್ಧಿ ಇಳಿಯತ್ತೆ" ಎಂದು ಇಸ್ತ್ರಿ ಮೇಜಿನ ಸುತ್ತ ಇದ್ದವರಿಗೆ ಹೇಳಿದ್ದಳು. ಡಬ್ಬಿ ವಾಪಸು ಬರಲಿಲ್ಲ. ವಾಪಸು ಬರಲಿಲ್ಲವೆಂದರೆ ಉಂಡಿದ್ದಾಳೆಂದೇ ಅರ್ಥ. ಇನ್ನೇನು, ಇಂದೋ ನಾಳೆಯೋ ತಲೆ ತಗ್ಗಿಸಿ ಬರುತ್ತಾಳೆ ಎಂದು ಅವಳು ಕಾಯುತ್ತಿದ್ದಳು.

ಇತ್ತ ಬಟ್ಟೆ ಬೇರ್ಪಡಿಸುವ ಕೋಣೆಯಲ್ಲಿ ಮೇಸ್ತ್ರಿ ಮೂಗು ಹಿಡಿದುಕೊಂಡು ಮೂಟೆಗಳನ್ನೆಲ್ಲ ಬಿಚ್ಚಿಸಿದ. ಯಾರೋ ಗುಣವಾದವರ ಹಳದಿ ಕಲೆ, ಯಾರೋ ಗುಣವಾಗದವರ ಕಪ್ಪು ಕಲೆ. ನಾತಕ್ಕೆ ಅವು ಕಾರಣವಲ್ಲ. ಕೊನೆಗೆ ಇರುವೆಗಳೇ ದಾರಿ ತೋರಿಸಿದವು. ಗೋಡೆಗುಂಟ ಸಾಲುಗಟ್ಟಿ ಒಂದು ಗೋಡೆಬೀರುವಿನ ಸಂದಿಗೆ ನುಗ್ಗುತ್ತಿದ್ದವು.

"ಯಾರದು ಇದು?"

"ನನ್ನದು" ಎಂದಳು ಸೊಸೆ. "ಒಂದು ವಾರದಿಂದ ನನ್ನ ಸಾಮಾನು ಹೊಲಿಗೆಯವಳ ಬೀರುವಲ್ಲಿಡ್ತಿದ್ದೀನಿ. ಅದರಲ್ಲಿರೋದು ನಂದಲ್ಲ."

"ಮತ್ತೆ ಯಾರದು?"

ಸೊಸೆ ಮುಂದಿನ ಮೂಟೆಗೆ ಕೈಹಾಕಿದಳು. ಉತ್ತರ ಕೊಟ್ಟವಳು ಹೊಲಿಗೆಯವಳು. "ಇಸ್ತ್ರಿ ಮೇಜಿಂದ ಕರೀರಿ. ಕಟ್ಟಿದೋರೇ ಬಿಚ್ಚಲಿ."

ಗಾದೆಯಕ್ಕ ಬಂದಳು. ತನ್ನ ಡಬ್ಬಿಯನ್ನು ತಾನೇ ಗುರುತು ಹಿಡಿದಳು. ಮುಚ್ಚಳ ಉಬ್ಬಿತ್ತು. ಅಂಚಿನಿಂದ ಕಂದು ಬಣ್ಣದ ರಸ ಜಿನುಗಿ, ಕೆಳಗಿನ ಹಲಗೆಯ ಮೇಲೆ ಒಣಗಿ, ಅದರ ಮೇಲೆ ಮತ್ತೆ ಜಿನುಗಿತ್ತು. ಮುಚ್ಚಳಕ್ಕೆ ಬೆರಳು ಕೊಟ್ಟು ಮೀಟಿದ ಕೂಡಲೇ ಅದು ಉಸಿರು ಬಿಟ್ಟಿತು. ಒಳಗೆ ಅನ್ನ ಅನ್ನವಾಗಿರಲಿಲ್ಲ. ಮೊಟ್ಟೆಗಳು ಬೂದು ಬಣ್ಣಕ್ಕೆ ತಿರುಗಿ ಒಂದರೊಳಗೊಂದು ಕರಗಿದ್ದವು. ಮೇಲೊಂದು ಬಿಳಿಯ ಪದರ ಹರಿದಾಡುತ್ತಿತ್ತು. ಮೊದಲು ಅವಳು ಅದನ್ನು ಅನ್ನದ ಅಗುಳೆಂದೇ ತಿಳಿದಳು. ಅಗುಳು ಎಲ್ಲಾದರೂ ತಲೆ ಎತ್ತುತ್ತದೆಯೇ?

"ಗಾದೆಯಕ್ಕ" ಎಂದ ಬಾಯ್ಲರ್ ಮಾಮ, ಬಾಗಿಲಲ್ಲಿ ನಿಂತು. "ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಬುದ್ಧಿ ಅಂತ ನೀನೇ ಏನೋ ಹೇಳ್ತಿದ್ದೆಯಲ್ಲ. ಮುಂದೇನು? ನೆನಪೇ ಆಗ್ತಿಲ್ಲ."

ಎಷ್ಟು ದಿನ ಬಂದೀತು? ಅಷ್ಟೇ ಅದರ ಬಾಲ. ಮಕ್ಕಳಿಗೂ ಗೊತ್ತಿರುವ ಗಾದೆ. ಅವಳು ಬಾಯಿ ತೆರೆದಳು. ಬಂದದ್ದು ಗಾದೆಯಲ್ಲ. ಮೋರಿಯ ಹತ್ತಿರಕ್ಕೆ ಓಡಿ, ಬೆಳಗಿನ ಚಹಾವನ್ನೂ ಅದರ ಹಿಂದಿನ ಹಳಸಲು ಹುಳಿಯನ್ನೂ ಕಾರಿಕೊಂಡಳು.

ತಲೆ ಎತ್ತಿದಾಗ ಸೊಸೆ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಬಾಯಿ ಮುಕ್ಕಳಿಸುವವರೆಗೂ ಕಾದಳು. ಆಮೇಲೆ ಅದೇ ಮಾತು: "ಮಗು ಕೊಡಿ ಅತ್ತೆ."

"ಅನ್ನ ಕೊಳೆಸಿದೋಳಿಗೆ ಮಗು ಬೇರೆ ಕೇಡು" ಎಂದಳು ಗಾದೆಯಕ್ಕ, ಗಲ್ಲದ ನೀರು ಒರೆಸಿಕೊಳ್ಳುತ್ತ.

ಅವಮಾನವಾದರೆ ಬುದ್ಧಿ ಬರುತ್ತದೆ ಎನ್ನುತ್ತಾರೆ. ಸುಳ್ಳು. ಬರುವುದು ಸಿಟ್ಟು. ಇಡೀ ದಿನ ಅವಳು ಹಾಸಿಗೆಬಟ್ಟೆಗಳ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿ ಕುಕ್ಕಿ ಉಜ್ಜಿದಳು. ಯಾರೂ ಸಲಹೆ ಕೇಳಲು ಬರಲಿಲ್ಲ. ಡಬ್ಬಿಯನ್ನು ಸೋಡಾ ಹಾಕಿ ತೊಳೆದಳು, ಸೋಪು ಹಾಕಿ ತೊಳೆದಳು, ಬಾಯ್ಲರಿನ ಕುದಿನೀರು ಹೊಯ್ದಳು. ಹೊಳಪು ಬಂತು, ನಾತ ಹೋಗಲಿಲ್ಲ. ಮುಚ್ಚಳದ ಸುತ್ತಿನಲ್ಲಿ ಎಲ್ಲೋ ಅಡಗಿತ್ತು.

ಭಗವಂತ ಬಾಯಿಯ ಮೇಲೇ ಮೂಗು ಇಟ್ಟಿದ್ದಾನೆ, ನೋಡಿ. ಒಳಗೆ ಹೋಗುವ ಪ್ರತಿ ತುತ್ತಿಗೂ ಕಾವಲುಗಾರ. ಆದರೆ ಅದೇ ಬಾಯಿಂದ ಹೊರಗೆ ಬರುವುದಕ್ಕೆ ಕಾವಲಿಲ್ಲ. ತನ್ನ ಮಾತು ಹಳಸಿದ್ದು ಹೇಳುವವರ ಮೂಗಿಗೆ ಬಡಿಯುವುದೇ ಇಲ್ಲ. ಬಡಿಯಬೇಕಾದರೆ ಅದು ಇನ್ನೊಂದು ಬಾಯಿ ಸುತ್ತಿಕೊಂಡು ಬರಬೇಕು.

ಸಂಜೆ, ಇನ್ನೂ ಬೆಳಕಿರುವಾಗಲೇ, ಮನೆಯಲ್ಲಿ ತಟ್ಟೆ ಹಾಕಿದಳು. ಮಗ ಕೂತ. ಮೊಮ್ಮಗಳು ಕೂತಳು. ನಾಲ್ಕು ತುಂಬಿದ ಚೂಟಿ ಹುಡುಗಿ, ಎಲ್ಲರೂ ಚೋಟಿ ಅನ್ನುತ್ತಿದ್ದರು. ಗಾದೆಯಕ್ಕನಿಗೆ ಮೊಟ್ಟೆ ಮುಟ್ಟುವುದಕ್ಕೇ ಆಗಲಿಲ್ಲ, ತನಗೆ ಬರೀ ಅನ್ನ ಬಡಿಸಿಕೊಂಡಳು.

"ನಂಗೆ ಇನ್ನೊಂದು ಮೊಟ್ಟೆ" ಎಂದಿತು ಮಗು.

"ಇರೋದು ಅಪ್ಪಂಗೆ. ಆಸೆಗೆ ಮಿತಿ ಇರಬೇಕು, ಚೋಟಿ. ಹಾಸಿಗೆ ಇದ್ದಷ್ಟು..."

ಮಗು ಅವಳನ್ನೇ ನೋಡಿತು. ಕೋಪವಿಲ್ಲ, ಅಳುವಿಲ್ಲ. ಕೆಳತುಟಿಯನ್ನೊಮ್ಮೆ ನೆಕ್ಕಿಕೊಂಡಿತು. ಕುರ್ಚಿಯಲ್ಲಿ ತುಸು ಹಿಂದಕ್ಕೆ ವಾಲಿತು. ಆಮೇಲೆ ಅಜ್ಜಿಯ ತಟ್ಟೆಗೆ ಉಗಿಯಿತು. ಅಭ್ಯಾಸ ಸಾಲದು, ಅರ್ಧ ತಟ್ಟೆಗೆ, ಅರ್ಧ ಅಂಚಿಗೆ. ಅನ್ನದ ಮೇಲೆ ಬಿದ್ದ ಅರ್ಧ ನೊರೆನೊರೆಯಾಗಿ ಕೂತಿತು.

ಮಗ ಗಹಗಹಿಸಿ ನಕ್ಕ. ಬಾಯಲ್ಲಿದ್ದ ಮೊಟ್ಟೆಯ ಚೂರು ಮೇಜಿನ ಮೇಲೆ ಹಾರಿತು. "ನೂಲಿನಂತೆ ಸೀರೆ. ನನ್ನ ಮಗಳೇ ಇವಳು."

ಗಾದೆಯಕ್ಕನ ಕೈ ತುತ್ತಿನ ಅರ್ಧಕ್ಕೇ ನಿಂತಿತ್ತು. ಮಗುವಿಗೆ ಅದು ಅರ್ಥವಾಯಿತೇನೋ. ಕುರ್ಚಿಯಿಂದ ಜಾರಿ ಇಳಿದು, ಎರಡೂ ಕೈಯಲ್ಲಿ ನೀರಿನ ಲೋಟ ಹಿಡಿದು, ಚೆಲ್ಲುತ್ತ ಚೆಲ್ಲುತ್ತ ತಂದಿತು. ತಟ್ಟೆಯ ಪಕ್ಕದಲ್ಲಿಟ್ಟಿತು. ಅಜ್ಜಿಯ ತೊಡೆ ತಟ್ಟಿ ದೊಡ್ಡವರ ಹಾಗೆ ಬುದ್ಧಿ ಹೇಳಿತು.

"ತೊಳ್ಕೊಂಡು ತಿನ್ನು ಅಜ್ಜಿ. ಉಗುಳು ತೊಳೆದ್ರೆ ಹೋಗತ್ತೆ."

ಎಷ್ಟು ಸ್ಪಷ್ಟವಾಗಿ ಹೇಳಿತೆಂದರೆ ಅದರೊಳಗೆ ಅವಳಿಗೆ ತನ್ನ ದನಿಯೇ ಕೇಳಿಸಿತು. ಅದೇ ತಣ್ಣನೆ ಕರುಣೆ, ಅದೇ ರಾಗ. ಬೆಳಗಿನಿಂದ ಮುಚ್ಚಳದ ಸುತ್ತಿನಲ್ಲಿ ಅಡಗಿದ್ದ ನಾತ ಎದ್ದು ಬಂದು ಅವಳ ಬಾಯೊಳಗೇ ಕೂತಿತು. ಈ ಮಗುವಿಗೆ ಉಗಿಯಲು ಯಾರೂ ಹೇಳಿಕೊಟ್ಟಿರಲಿಲ್ಲ. ಈ ಮಾತನ್ನೂ ಯಾರೂ ಕಟ್ಟಿಕೊಟ್ಟಿರಲಿಲ್ಲ. ಮೇಜಿನ ಬದಿಯಲ್ಲಿ ಕೂತು ಕಣ್ಣಿಂದ ಉಂಡಿತ್ತು, ಅಷ್ಟೇ. ಹೀಗೆ ಉಂಡದ್ದು ಕೊಳೆಯುವುದೂ ಇಲ್ಲ, ಮೈಗೆ ಹತ್ತುತ್ತದೆ. ಇನ್ನು ಹದಿನೈದು ಇಪ್ಪತ್ತು ವರ್ಷಕ್ಕೆ ಈ ಪುಟ್ಟ ಬಾಯಿ ಯಾರ ತಟ್ಟೆಗೆ ಉಗಿದೀತು? ಇಲ್ಲವೇ ಯಾರ ಉಗುಳನ್ನು ತೊಳೆದುಕೊಂಡು ತಿಂದೀತು? ಎರಡರಲ್ಲಿ ಯಾವುದು ಹೆಚ್ಚು ಹೇಸಿಗೆ ಎಂದು ಅವಳಿಗೆ ತಿಳಿಯಲಿಲ್ಲ. ಸೊಸೆ ಎಷ್ಟು ಸಲ ತಿಂದಿದ್ದಳು. ಪ್ರತಿ ಸಲವೂ ತಾನೇ ಎದುರು ಕೂತು, ಅವಳು ನುಂಗುವುದನ್ನು ನೋಡಿ ಸಮಾಧಾನಪಟ್ಟುಕೊಂಡಿದ್ದಳು.

ಅವಳು ಎದ್ದಳು. ಮಗುವಿನ ಬಾಯಿ ತೊಳೆದಳು. ಎರಡು ಫ್ರಾಕು, ಬಾಚಣಿಗೆ, ಕಿವಿ ಹರಿದ ಬಟ್ಟೆಯ ಮೊಲ, ಎಲ್ಲವನ್ನೂ ಚೀಲಕ್ಕೆ ಹಾಕಿದಳು.

"ಎಲ್ಲಿಗೆ?" ಎಂದ ಮಗ.

ಅವಳು ಉತ್ತರಕ್ಕೆಂದು ಬಾಯಲ್ಲಿ ತಡಕಾಡಿದಳು. ಒಂದು ಗಾದೆಯೂ ಸಿಗಲಿಲ್ಲ.

"ಮಗೂನ ಅವಳಿಗೆ ಕೊಟ್ರೆ ಅವಳು ಇನ್ನು ಬರೋದೇ ಇಲ್ಲ, ಗೊತ್ತಿರಲಿ. ಮುಪ್ಪಿಗೆ ಬುದ್ಧಿ ಕೆಟ್ಟಿದೆಯಾ ನಿಂಗೆ? ಆಮೇಲೆ ಊಟಕ್ಕಿಡೋರು ಯಾರು?"

"ತಟ್ಟೆ ನೀನೇ ತೊಳ್ಕೊ" ಎಂದಳು ತಾಯಿ. "ನನ್ನ ತಟ್ಟೇನೂ ಸೇರಿಸಿ."

ಹೊರಗೆ ಇನ್ನೂ ಗಾಳಿಯಿಲ್ಲ. ಬೀದಿಯ ಕಸದ ತೊಟ್ಟಿ, ಮೋರಿ, ಮೂಲೆಯ ಮೂತ್ರದ ಗೋಡೆ, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂತು ನಾರುತ್ತಿದ್ದವು. ಹಿಂದೆಲ್ಲ ಮೂಗು ಮುಚ್ಚಿಕೊಂಡು ಓಡುತ್ತಿದ್ದ ದಾರಿಯಲ್ಲಿ ಅಂದು ಮೆಲ್ಲಗೆ ನಡೆದಳು. ಅವಕ್ಕಾದರೂ ತಮ್ಮ ನಾತ ಬಚ್ಚಿಡುವ ಬುದ್ಧಿಯಿಲ್ಲ. ಮಗು ಅರ್ಧ ದಾರಿಯಲ್ಲೇ ಹೆಗಲ ಮೇಲೆ ನಿದ್ದೆ ಹೋಯಿತು. ತೆರೆದ ಬಾಯಿಂದ ಜೊಲ್ಲು ಇಳಿದು ಅವಳ ರವಿಕೆಯ ತೋಳು ಒದ್ದೆಯಾಯಿತು. ಒರೆಸಿಕೊಳ್ಳಬೇಕೆಂದು ಅವಳಿಗೆ ಅನ್ನಿಸಲಿಲ್ಲ.

ಹೊಲಿಗೆಯವಳ ಕೋಣೆ ಸೈಕಲ್ ರಿಪೇರಿ ಅಂಗಡಿಯ ಮೇಲೆ. ಬಾಗಿಲು ತೆರೆದಿತ್ತು. ಸೊಸೆ ನೆಲದ ಮೇಲೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಅತ್ತೆಯನ್ನು ಕಂಡು ಚಾಕು ಬದಿಗಿಟ್ಟು ಎದ್ದಳು. ಕಣ್ಣು ಮಗುವಿನ ಮೇಲಿತ್ತು, ಆದರೆ ಕೈ ಚಾಚಲಿಲ್ಲ. ಮೊದಲು ಬುದ್ಧಿಮಾತು ಬರುತ್ತದೆ, ಅದು ಮುಗಿಯುವವರೆಗೂ ತಲೆ ತಗ್ಗಿಸಿ ನಿಲ್ಲಬೇಕು ಎಂಬುದು ಅವಳ ಮೈಗೇ ಗೊತ್ತಿತ್ತು. ತಲೆ ತಗ್ಗಿಸಿ ಕಾದಳು.

ಒಳಗಿನಿಂದ ಹೊಲಿಗೆಯವಳು ಇಣುಕಿದಳು. "ಏನಂತೆ? ಇವತ್ತು ಯಾವ ಗಾದೆ?"

ಗಾದೆಯಕ್ಕ ಚೀಲವನ್ನು ಹೊಸ್ತಿಲ ಒಳಗಿಟ್ಟಳು. ಆಮೇಲೆ ಒಂದು ಕೈಯನ್ನು ಮಗುವಿನ ಕತ್ತಿನ ಕೆಳಗೆ, ಇನ್ನೊಂದನ್ನು ಮೊಣಕಾಲಿನ ಕೆಳಗೆ ಕೊಟ್ಟು, ಎಚ್ಚರವಾಗದ ಹಾಗೆ, ತನ್ನ ಹೆಗಲಿನಿಂದ ಸೊಸೆಯ ಹೆಗಲಿಗೆ ದಾಟಿಸಿದಳು.